ಕ್ರೂಸರ್‌ನಲ್ಲಿ ಬಂದ ಹೆಂಗಸರು

ಪ್ರಾಗ್ ಊರಿನ ಹಳೆಯ ಓಣಿಗಳಲ್ಲಿ ನಡೆದು ನಡೆದು ನನ್ನ ಮೊಣಕಾಲು ಹಿಡಿದುಕೊಂಡಾಗ ಬಂದ ಸಿಟ್ಟೇ ಇದಕ್ಕೆಲ್ಲ ಮೂಲ. ಹೈದರಾಬಾದಿನ ಪ್ರವಾಸ ಕಂಪನಿಯೊಂದರ ಜೊತೆ ನಾನು, ನನ್ನ ಯಜಮಾನರು ಯುರೋಪಿಗೆ ಹೋಗಿದ್ದೆವು. ನಾನು ಹುಮನಾಬಾದಿನ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಅವರದು ಅದೇ ಊರಿನಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಅಂಗಡಿಗೆ ಬೀಗ ಹಾಕಿ ಅವರನ್ನು ವಿಮಾನ ಹತ್ತಿಸುವಷ್ಟರಲ್ಲಿ ನನಗೆ ಸಾಕುಬೇಕಾಗಿತ್ತು.

ಅಲ್ಲಿ ನಮಗೆ ಊರು ತೋರಿಸಲು ಬಂದವಳು ಒಬ್ಬ ತೆಳ್ಳನೆಯ ಹುಡುಗಿ. ಹಳದಿ ಛತ್ರಿಯೊಂದನ್ನು ಮೇಲೆತ್ತಿ ಹಿಡಿದು ಮುಂದೆ ಮುಂದೆ ಹೋಗುತ್ತಿದ್ದಳು. ಅದನ್ನೇ ನೋಡುತ್ತ ನಾವು ಕುರಿಗಳ ಹಾಗೆ ಹಿಂದೆ ಹಿಂದೆ. ಒಂದೊಂದು ಮನೆಯ ಮುಂದೆ ನಿಂತು ಇದು ಇಂಥ ಕಾಲದ್ದು, ಇಲ್ಲಿ ಇಂಥವರು ಇದ್ದರು ಎಂದು ಹೇಳುವಳು. ನಮ್ಮ ಗುಂಪಿನವರು ಆಹಾ ಎಂದು ಫೋನ್ ಎತ್ತುವರು. ನಾನೂ ಎತ್ತಿದೆ, ಸುಳ್ಳು ಯಾಕೆ ಹೇಳಲಿ. ಊರು ಚಂದವೇ ಇತ್ತು. ಆದರೆ ಒಳಗೊಳಗೇ ಕುದಿಯುತ್ತಿದ್ದೆ. ಇಂಥದೇ ಕಲ್ಲು ಹಾಸಿದ ದಾರಿ, ಇಂಥದೇ ದಪ್ಪ ಗೋಡೆ, ಬಗ್ಗಿ ಒಳಗೆ ಹೋಗಬೇಕಾದ ಇಂಥದೇ ಬಾಗಿಲು ನನ್ನ ತವರು ಕಲ್ಯಾಣದ ಓಣಿಯಲ್ಲೂ ಇವೆ. ಅವುಗಳ ಮುಂದೆ ನಿಂತು ಯಾರೂ ಒಂದು ದಿನ ಆಹಾ ಅಂದವರಲ್ಲ.

ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಇನ್ನೊಂದಕ್ಕೆ. ಬೆಳಗಿನಿಂದ ಅಷ್ಟೊಂದು ಬಾಗಿಲುಗಳ ಮುಂದೆ ನಿಂತೆವಲ್ಲ, ಒಂದೇ ಒಂದು ಬಾಗಿಲು ತೆರೆಯಲಿಲ್ಲ. ಯಾರವ್ವಾ ನೀವು, ಎಲ್ಲಿಂದ ಬಂದಿರಿ, ಚಹಾ ಕುಡಿದು ಹೋಗಿ ಎನ್ನುವ ಒಂದು ಮುಖವೂ ಕಿಟಕಿಯಲ್ಲಿ ಕಾಣಲಿಲ್ಲ. ಒಳಗೆ ಯಾರಿದ್ದಾರೆ ಎಂದು ನಮ್ಮ ಕಂಪನಿಯವನಿಂದ ಕೇಳಿಸಿದೆ. ಹೆಚ್ಚಿನವು ಆಫೀಸು, ಹೋಟೆಲು, ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಕೋಣೆಗಳಂತೆ.

"ಹಂಗಾದ್ರ ಇವು ಮನಿ ಅಲ್ಲ ಬಿಡ್ರಿ, ಮನಿ ಚಿತ್ರ," ಎಂದೆ ಯಜಮಾನರಿಗೆ.

"ಸುಮ್ಮ ನಡಿ. ಛತ್ರಿ ಮುಂದ ಹೊಂಟದ," ಎಂದರು ಅವರು.

ಊರಿಗೆ ಬಂದ ಮೇಲೆ ನಾನು ಈ ವಿಷಯವನ್ನು ಬಿಡಲಿಲ್ಲ. ಹುಮನಾಬಾದಿನಲ್ಲಿ ನಾವು ಕೆಲವು ಹೆಂಗಸರು ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಸುತ್ತು ಹಾಕುತ್ತೇವೆ. ಕಾಲಿಗಿಂತ ಬಾಯಿಗೇ ವ್ಯಾಯಾಮ ಜಾಸ್ತಿ. ಅಲ್ಲಿ ದಿನಾ ಪ್ರಾಗ್ ಪುರಾಣ ಹೇಳಿ, ಕೊನೆಗೆ "ಆದ್ರ ನಮ್ಮ ಕಲ್ಯಾಣದ ಮುಂದ ಅದೇನಲ್ಲ" ಎಂದು ಮುಗಿಸುತ್ತಿದ್ದೆ. ಗುಂಪಿನಲ್ಲಿ ಒಬ್ಬಾಕೆ ಇದ್ದಾಳೆ, ಕಾಳುಕಡಿ ಮಾರ್ಕೆಟ್ಟಿನಲ್ಲಿ ಅಡತಿ ಅಂಗಡಿ ಇಟ್ಟವರ ಮನೆಯಾಕೆ. ನಾವೆಲ್ಲ ಆಕೆಯನ್ನು ಸಾಹುಕಾರ್ತಿ ಎಂದೇ ಕರೆಯುವುದು. ಮೈಯೂ ದೊಡ್ಡದು, ಮನಸ್ಸೂ ದೊಡ್ಡದು. ಮಾರ್ಕೆಟ್ಟಿನ ಈ ತುದಿಯಲ್ಲಿ ನಿಂತು ಮಾತಾಡಿದರೆ ಆ ತುದಿಯ ಹಮಾಲರಿಗೆ ಕೇಳಿಸಬೇಕು, ಅಂಥ ಗಂಟಲು. ಮದುವೆಯ ವಯಸ್ಸಿಗೆ ಬಂದ ಮಗನೊಬ್ಬ ಅಂಗಡಿಯ ಗಾದಿಯ ಮೇಲೆ ಕೂರುತ್ತಾನೆ. ಒಂದು ದಿನ ಆಕೆ ಸುತ್ತು ಹಾಕುವುದನ್ನು ನಿಲ್ಲಿಸಿಬಿಟ್ಟಳು.

"ಟೀಚರ್, ಪ್ರಾಗ ಪ್ರಾಗ ಅಂತ ನಮ್ಮ ಕಿವಿ ತೂತ ಮಾಡೀರಿ. ಕಲ್ಯಾಣ ಅದಕ್ಕಿಂತ ಚಲೋ ಅದ ಅಂತೀರಿ. ಹಂಗಾದ್ರ ಒಮ್ಮಿ ತೋರಸ್ರಲ್ಲ!"

"ನೋಡಿಲ್ಲೇನು ನೀವು? ವರ್ಷಕ್ಕ ಎಷ್ಟ ಸಲ ಹೋಗ್ತೀರಿ?"

"ಗುಡಿಗಿ ಹೋಗ್ತೀವಿ, ಅನುಭವ ಮಂಟಪಕ್ಕ ಹೋಗ್ತೀವಿ, ಪ್ರಸಾದ ತಗೊಂಡ ಬರ್ತೀವಿ. ಓಣ್ಯಾಗ ಯಾರ ಹೋಗ್ತಾರ್ರಿ?"

ಮುಂದಿನ ಐತವಾರಕ್ಕೆ ನಿಕ್ಕಿಯಾಯಿತು.

ಇಲ್ಲಿ ನನ್ನ ಅಣ್ಣನ ಮಗಳ ವಿಷಯ ಹೇಳಲೇಬೇಕು. ನನ್ನ ತವರುಮನೆ ಇರುವುದು ಕಲ್ಯಾಣದ ಕೋಟೆಯ ಕಡೆಯ ಹಳೆಯ ಓಣಿಯಲ್ಲಿ. ಅಣ್ಣ, ವೈನಿ ಅಂದರೆ ಅವನ ಹೆಂಡತಿ, ಅವರ ಮಗಳು, ಮೂವರೇ ಅಲ್ಲಿರುವುದು. ಮಗಳಿಗೆ ಮೂವತ್ತು ಹತ್ತಿರ ಬಂತು. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಔಷಧಿ ಕಾರ್ಖಾನೆಯೊಂದರಲ್ಲಿ ಗುಳಿಗೆಗಳನ್ನು ಪರೀಕ್ಷೆ ಮಾಡುವ ಕೆಲಸ. ದಿನಾ ಕಾರ್ಖಾನೆಯ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಶಿಫ್ಟ್ ಬೇಗ ಮುಗಿದ ದಿನ ನಮ್ಮ ಮನೆಗೆ ಬಂದು, ಬುಟ್ಟಿಯಲ್ಲಿ ರೊಟ್ಟಿ ಇದೆಯೇ ಎಂದು ತಾನೇ ನೋಡಿಕೊಂಡು ಉಣ್ಣುವ ಹುಡುಗಿ. ನನಗೆ ಅವಳೆಂದರೆ ಜೀವ.

ಅವಳನ್ನು ಎಷ್ಟೋ ವರ್ಷದಿಂದ ಕನ್ಯಾ ನೋಡಲು ಬರುವವರ ಮುಂದೆ ಕೂರಿಸುತ್ತಲೇ ಇದ್ದರು. ಪಡಸಾಲೆಯಲ್ಲಿ ಜಮಖಾನ ಹಾಸುವುದು, ಸುಸಲ ಮಾಡುವುದು. ಚುರುಮುರಿ ನೆನೆಸಿ ಒಗ್ಗರಣೆ ಕೊಟ್ಟ ಆ ಸುಸಲದ ತಾಟು ಹಿಡಿದು ಹುಡುಗಿ ತಲೆ ತಗ್ಗಿಸಿ ಬರುವುದು. ಬಂದವರು ನೆತ್ತಿಯಿಂದ ಹಿಮ್ಮಡಿಯವರೆಗೆ ನೋಡುವುದು, ಚಹಾ ಕುಡಿದು ಹೋಗುವುದು. ಆಮೇಲೆ ಸುದ್ದಿಯೇ ಇರುವುದಿಲ್ಲ. ಬಂದರೂ ಬಣ್ಣ ಕಡಿಮಿ, ವಯಸ್ಸು ಜಾಸ್ತಿ, ನೌಕರಿ ಬಿಡುತ್ತಾಳೇನು ಎಂಬ ಸುದ್ದಿಯೇ. ಕಳೆದ ದೀಪಾವಳಿ ಆದ ಮೇಲೆ ಬಂದ ಒಂದು ಮನೆಯವರಂತೂ ಹೊಟ್ಟೆ ತುಂಬ ತಿಂದು, ಅವಳ ಎದುರಿಗೇ, "ಇಕಿಗಿಂತ ಸಣ್ಣಾಕಿ ಯಾರೂ ಇಲ್ಲೇನು?" ಎಂದು ಕೇಳಿದ್ದರು.

ಮರುದಿನ ಅವಳು ನಮ್ಮ ಮನೆಗೆ ಬಂದಳು. ರೊಟ್ಟಿ ಬುಟ್ಟಿಯ ಕಡೆ ನೋಡಲಿಲ್ಲ.

"ಅತ್ತಿ, ಮದವಿ ಬ್ಯಾಡ ಅಂತಲ್ಲ ನಾ," ಎಂದಳು. "ಆದ್ರ ಇನ್ನ ತಾಟ ಹಿಡದ ಹೊರಗ ಬರಂಗಿಲ್ಲ. ಹಿಂಗ ಕೂತ ನೋಡಸಿಕೊಳ್ಳೂದ ನನ್ನ ಕೈಲೆ ಆಗಂಗಿಲ್ಲ."

ಯಾವುದಕ್ಕೂ ಅಳದ ಹುಡುಗಿ ಅವತ್ತು ಅತ್ತಳು. ನನಗೆ ತಡೆಯಲಾಗಲಿಲ್ಲ. "ನಾ ಇರೂತನಕ ನಿನ್ನ ಯಾರ ಮುಂದೂ ಕೂಡಸಾಕ ಬಿಡಂಗಿಲ್ಲ, ಹೋಗು," ಎಂದು ಮಾತು ಕೊಟ್ಟೆ. ಅಣ್ಣನಿಗೆ ಫೋನ್ ಮಾಡಿ ಗದರಿಸಿಯೂ ಹೇಳಿದೆ. ಅವನು ಹೂಂ ಎಂದ. ವೈನಿ ಮಾತ್ರ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆಕೆಯನ್ನೂ ನಾನು ಬೈಯಲಾರೆ. ಬಾವಿಗೆ ಹೋದರೆ, ಗುಡಿಗೆ ಹೋದರೆ, ಎಲ್ಲಿ ಹೋದರೂ "ಮಗಳದು ಎಲ್ಲಿಗಿ ಬಂತು?" ಎಂಬ ಒಂದೇ ಪ್ರಶ್ನೆ ಕೇಳಿ ಕೇಳಿ ಬೆಂದುಹೋಗಿದ್ದಳು. ಆಕೆಗೂ ಸಂಕಟ, ಅವಳಿಗೂ ಸಂಕಟ, ನಡುವೆ ನಾನು ಕೊಟ್ಟ ಮಾತು.

ಐತವಾರದ ನಡಿಗೆಯ ಬಗ್ಗೆ ನಾನು ವೈನಿಗೆ ಹೇಳಲಿಲ್ಲ. ಹೇಳಿದರೆ ಆಕೆ ಅಷ್ಟೂ ಮಂದಿಗೆ ಹೋಳಿಗೆ ಮಾಡುತ್ತಾಳೆ. ಹೋಳಿಗೆ ಉಂಡವರು ಎದ್ದು ಎಲ್ಲಿ ನಡೆಯುತ್ತಾರೆ? ಕೋಟೆ ತೋರಿಸಿ, ಓಣಿ ತೋರಿಸಿ, ಕೊನೆಗೆ ಒಂದು ಲೋಟ ನೀರು ಕುಡಿದು ಎದ್ದು ಬರುವುದು ಎಂದು ಲೆಕ್ಕ ಹಾಕಿದ್ದೆ. ನನ್ನ ಬುದ್ಧಿಗೆ ನಾನೇ ಶಭಾಶ್ ಹೇಳಿಕೊಂಡಿದ್ದೆ.

ಗಾಡಿಯ ವ್ಯವಸ್ಥೆ ಸಾಹುಕಾರ್ತಿಯದು. ಆಕೆ ಹತ್ತು ಮಂದಿ ಹಿಡಿಯುವ ಕ್ರೂಸರ್ ಜೀಪು ಹೇಳಿದ್ದಳು. "ಸ್ವಲ್ಪ ಚಂದಾಗಿ ಬರ್ರಿ, ಫೋಟೊ ತಗಿಯೂಣು" ಎಂದು ನಾನು ಹೇಳಿದ್ದು ನಿಜ. ಅಂದರೆ ಮಡಿಚಿಟ್ಟ ಹತ್ತಿಯ ಸೀರೆ, ಕಾಲಿಗೆ ಒಳ್ಳೆಯ ಚಪ್ಪಲಿ ಎಂದು ನನ್ನ ಅರ್ಥ. ಬೆಳಿಗ್ಗೆ ನೋಡಿದರೆ ಎಲ್ಲರೂ ರೇಷ್ಮೆ ಸೀರೆ ಉಟ್ಟು, ಅಬ್ಬಲಿಗೆ ಮುಡಿದು, ಕೈತುಂಬ ಬಳೆ ಇಟ್ಟು ನಿಂತಿದ್ದಾರೆ. ಸಾಹುಕಾರ್ತಿಯ ಕೊರಳಲ್ಲಿ ಬೋರಮಾಳ ಸರ ಬೇರೆ.

"ಇದೇನ್ರಿ, ಮದವಿಗಿ ಹೊಂಟೀರೇನು?" ಎಂದು ರೇಗಿದೆ.

"ಚಂದಾಗಿ ಬರ್ರಿ ಅಂದವರು ಯಾರು?" ಎಂದಳು ಆಕೆ, ಮುಂದಿನ ಸೀಟಿನಲ್ಲಿ ಕೂರುತ್ತ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕ್ರೂಸರ್ ತುಂಬ ರೇಷ್ಮೆ ಸೀರೆಯ ಹೆಂಗಸರು ಬಂದು ಓಣಿಯ ಬಾಯಲ್ಲಿ ಇಳಿದರೆ ಅದಕ್ಕೆ ಇರುವುದು ಒಂದೇ ಕಾರಣ. ಬೇರೆ ಊರಿನಿಂದ ಕನ್ಯಾ ನೋಡಲು ಬರುವವರು ಹೀಗೆಯೇ ಬರುತ್ತಾರೆ. ಮನೆಯೊಳಗೆ ಹೋಗುವ ಮೊದಲು ಓಣಿಯನ್ನೊಮ್ಮೆ ನಿಧಾನಕ್ಕೆ ನಡೆದು ನೋಡುತ್ತಾರೆ, ಮನೆಗಳನ್ನು ನೋಡುತ್ತಾರೆ, ಕಟ್ಟೆಯ ಮೇಲೆ ಕೂತವರಿಂದ ನಾಲ್ಕು ಮಾತು ಕೇಳಿಕೊಳ್ಳುತ್ತಾರೆ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಪ್ರಾಗ್ ಕೂತಿತ್ತು. ಯಜಮಾನರ ಅಂಗಡಿಯಿಂದ ಒಂದು ಹಸಿರು ಛತ್ರಿಯನ್ನೂ ಎತ್ತಿಕೊಂಡು ಬಂದಿದ್ದೆ.

ತೊಗರಿ ರಾಶಿಯ ದಿನಗಳು. ಹೈವೇ ಮೇಲೆ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಬೇರೆ, ಒಂದನ್ನು ದಾಟಿದರೆ ಇನ್ನೊಂದು. ಸಾಹುಕಾರ್ತಿ ಕಿಟಕಿಯಿಂದ ಕೈ ಹಾಕಿ ಒಂದು ಜಲ್ಲೆ ಎಳೆಯಲು ನೋಡಿದಳು. ಸಿಗಲಿಲ್ಲ. ಕಲ್ಯಾಣ ಮುಟ್ಟುವವರೆಗೆ ಅದರದೇ ನಗು.

ಮೊದಲು ಕೋಟೆ. ಕಪ್ಪು ಕಲ್ಲಿನ ಗೋಡೆ, ಒಂದರೊಳಗೊಂದು ಬಾಗಿಲು, ಮೇಲೆ ಬಿಸಿಲಿಗೆ ಕಾದು ಮಲಗಿದ ಫಿರಂಗಿ ತೋಪು. ನಾನು ಛತ್ರಿ ಎತ್ತಿ ಹಿಡಿದು ಗೊತ್ತಿದ್ದದ್ದನ್ನು ಗಟ್ಟಿಯಾಗಿ ಹೇಳಿದೆ, ಗೊತ್ತಿಲ್ಲದ್ದನ್ನು ಇನ್ನೂ ಗಟ್ಟಿಯಾಗಿ ಹೇಳಿದೆ. ಮೈದಾನದಲ್ಲಿ ಸುತ್ತು ಹಾಕಲು ಗೊಣಗುವವರು ಇಲ್ಲಿ ಸೀರೆ ಎತ್ತಿ ಕಟ್ಟಿ ಮೆಟ್ಟಿಲು ಹತ್ತಿದರು. ಬುರುಜಿನ ಮೇಲೆ ನಿಂತು ಗಾಳಿಗೆ ಸೆರಗು ಬಿಟ್ಟು ಫೋಟೊ ತೆಗೆಸಿಕೊಂಡರು. ನನಗೆ ಎದೆ ಉಬ್ಬಿತು.

ಆಮೇಲೆ ಓಣಿಗಳು. ಹಳೆಯ ಮನೆ ನೋಡುವುದು ಹೇಗೆ ಎಂದು ಗಾಡಿಯಲ್ಲೇ ಪಾಠ ಮಾಡಿದ್ದೆ. ಬಾಗಿಲು ನೋಡಿ, ಗೋಡೆ ನೋಡಿ, ಎಷ್ಟು ಅಂಕಣದ ಮನೆ, ಯಾರದು, ಯಾವ ಕಾಲದ್ದು ಎಂದು ಕೇಳಿ ಎಂದಿದ್ದೆ. ನನ್ನ ವಿದ್ಯಾರ್ಥಿನಿಯರು ಅಕ್ಷರಶಃ ಹಾಗೇ ಮಾಡಿದರು. ಒಂದೊಂದು ಮನೆಯ ಮುಂದೆ ನಿಂತು ಮೇಲಿನಿಂದ ಕೆಳಗೆ ನೋಡಿದರು. "ಎಷ್ಟ ಅಂಕಣ ಅದ್ರಿ? ಒಳಗ ಬಾವಿ ಅದನು? ಮನಿಯಾಗ ಎಷ್ಟ ಮಂದಿ?" ಎಂದು ದಾರಿಗೆ ಕೇಳುವಂತೆ ಕೇಳಿದರು.

ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಒಬ್ಬ ಮುದುಕಿ ತಲೆ ಎತ್ತಿತು.

"ಎಲ್ಲಿಂದ ಬಂದೀರವ್ವಾ?"

"ಹುಮನಾಬಾದದಿಂದ್ರಿ," ಎಂದಳು ಸಾಹುಕಾರ್ತಿ.

"ಯಾರ ಮನಿಗಿ?"

"ಈ ಟೀಚರ್ ತವರಮನಿಗಿ."

ಮುದುಕಿ ನನ್ನನ್ನು ನೋಡಿತು, ಸೀರೆಗಳನ್ನು ನೋಡಿತು, ಬೋರಮಾಳ ಸರ ನೋಡಿತು. ಮುಖ ಅರಳಿತು. "ಚಲೋ ಆತು ಬಿಡ್ರಿ. ಬಾಳ ಚಲೋ ಮಂದಿ ಅದಾರ ಅವರು."

ನೋಡಿದಿರಾ, ಪ್ರಾಗಿನಲ್ಲಿ ಯಾರಾದರೂ ಹೀಗೆ ಮಾತಾಡಿಸಿದರೇ ಎಂದು ನಾನು ಹಿಗ್ಗಿದೆ. ಮುಂದೆ ಮೂಲೆಯ ದರ್ಜಿ ಮಶೀನು ನಿಲ್ಲಿಸಿ ಎದ್ದು ನಿಂತ. "ಮನೆತನ ಖರೇ ಬಂಗಾರ್ರಿ. ಏನೂ ವಿಚಾರ ಮಾಡಬ್ಯಾಡ್ರಿ," ಎಂದ. ಇವನಿಗೆ ಯಾಕೆ ನಮ್ಮ ಮನೆತನದ ಚಿಂತೆ ಎಂದುಕೊಂಡೆ. ಇನ್ನೆರಡು ಮನೆ ದಾಟುವಷ್ಟರಲ್ಲಿ, ಸಣ್ಣವಳಿದ್ದಾಗ ನನಗೆ ಖೀರು ಕುಡಿಸುತ್ತಿದ್ದ ಖಾಲಾ ಬಾಗಿಲಿನ ಪರದೆ ಸರಿಸಿ, ಸಾಹುಕಾರ್ತಿಯ ಕೈಯನ್ನೇ ಹಿಡಿದುಕೊಂಡು ಹೇಳಿದರು: "ಲಡ್ಕೀ ಹೀರಾ ಹೈ ಮಾ, ಹೀರಾ!"

ನನ್ನ ಕೈಯಲ್ಲಿದ್ದ ಛತ್ರಿ ಕೆಳಗಿಳಿಯಿತು. ಹುಡುಗಿ ವಜ್ರವಂತೆ! ಯಾವ ಹುಡುಗಿ?

ಮೇಲೆ ನೋಡಿದೆ. ಮಾಳಿಗೆಯಿಂದ ಮಾಳಿಗೆಗೆ ಹೆಂಗಸರು ಕೂಗಿ ಹೇಳುತ್ತಿದ್ದರು. ಹುಮನಾಬಾದಿನವರು ಬಂದಿದ್ದಾರೆ, ದೊಡ್ಡ ಮಂದಿ, ಹುಡುಗಿಯ ಸೋದರತ್ತೆಯೇ ಕರೆದುಕೊಂಡು ಬರುತ್ತಿದ್ದಾಳೆ. ಕೋಟೆಯಲ್ಲಿ ನನ್ನನ್ನು ಗುರುತು ಹಿಡಿದವರು ಯಾರೋ, ನಾವು ಇಳಿಯುವ ಮೊದಲೇ ಸುದ್ದಿಯನ್ನು ನಮ್ಮ ಮನೆಗೆ ಮುಟ್ಟಿಸಿರಬೇಕು. "ಇಲ್ಲಿಂದ ತಿರುಗೋಣ, ಕೆರೆ ಕಡೆ ಹೋಗೋಣ" ಎಂದು ಗುಂಪನ್ನು ಹೊರಳಿಸಲು ನೋಡಿದೆ. ಎಲ್ಲಿಯ ಹೊರಳುವುದು? ದೊಡ್ಡ ಬಾಗಿಲಿನೊಳಗಿನ ದಿಡ್ಡಿ ಬಾಗಿಲು ತೆರೆದು, ತಲೆಯ ಮೇಲೆ ಸೆರಗು ಹೊದ್ದು, ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ವೈನಿ ಆಗಲೇ ನಿಂತಿದ್ದಳು.

"ಬರ್ರಿ ಬರ್ರಿ, ಒಳಗ ಬರ್ರಿ!"

ಗುಂಪು ನೀರಿನ ಹಾಗೆ ಒಳಗೆ ಹರಿದುಹೋಯಿತು. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಅಣ್ಣ ಬಿಳಿ ಅಂಗಿ ತೊಟ್ಟು ಕುರ್ಚಿಯ ತುದಿಯಲ್ಲಿ ಸೆಟೆದು ಕೂತಿದ್ದ. ಒಗ್ಗರಣೆಯ ಘಮ ಬೀದಿಯವರೆಗೂ ಬಂದಿತ್ತು. ವೈನಿ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದೊಯ್ದಳು.

"ಒಂದ ಮಾತ ಮೊದಲ ಹೇಳಬಾರದಾ ತಂಗಿ? ಅಂಗೈಯಾಗ ಜೀವ ಹಿಡಕೊಂಡ ಎಲ್ಲಾ ಮಾಡೀನಿ," ಎಂದಳು. ಮುಖ ಬೆವರಿತ್ತು, ಕಣ್ಣು ಹೊಳೆಯುತ್ತಿತ್ತು. "ಆಕಿ ಬರಂಗೇ ಇಲ್ಲ ಅಂತ ಕೂತಿದ್ದಳು. ಅತ್ತಿನೇ ಕರಕೊಂಡ ಬರಾಕತ್ತಾಳಂತ ಅಂದ ಮ್ಯಾಲ ಒಂದೂ ಮಾತಾಡಲಿಲ್ಲ. ಸುಮ್ಮ ಎದ್ದ ಸೀರಿ ಉಟ್ಟಳು."

ಬೇರೆ ಯಾರು ಬಂದಿದ್ದರೂ ಅವಳು ಏಳುತ್ತಿರಲಿಲ್ಲ. ನನಗಾಗಿ ಎದ್ದಿದ್ದಳು. ಯಾರ ಮುಂದೂ ಕೂರಿಸುವುದಿಲ್ಲ ಎಂದು ಮಾತು ಕೊಟ್ಟವಳೇ ಗಾಡಿ ತುಂಬ ಮಂದಿ ತಂದಳು ಎಂದು ತಿಳಿದೂ ಎದ್ದಿದ್ದಳು.

"ವೈನಿ, ಅವರು ಕನ್ಯಾ ನೋಡಾಕ ಬಂದಿಲ್ರಿ."

ಆಕೆಯ ಕೈಯ ಸೌಟು ನಿಂತಿತು. "ಮತ್ತ?"

"ಮನಿ ನೋಡಾಕ ಬಂದಾರ."

"ಮನಿ ಯಾಕ ನೋಡತಾರ? ಮಾರಾಕ ಇಟ್ಟೇವೇನು?"

"ಸುಮ್ಮ, ಹಳೀ ಮನಿ ಅಂತ. ಓಣಿ ತಿರಗಾಡಿ ನೋಡಾಕ."

"ರೇಶಿಮಿ ಸೀರಿ ಉಟಗೊಂಡು?" ಎಂದಳು ವೈನಿ.

ಅಷ್ಟರಲ್ಲಿ ಇನ್ನೊಂದು ಬಾಗಿಲಿನಿಂದ ಹುಡುಗಿ ತಾಟು ಹಿಡಿದು ಪಡಸಾಲೆಗೆ ಹೋಗಿಬಿಟ್ಟಿದ್ದಳು. ನಾನು ಹೊಸ್ತಿಲಿಗೆ ಓಡಿದೆ. ಹಸಿರು ರೇಷ್ಮೆ ಸೀರೆ, ಬಿಗಿಯಾಗಿ ಹೆಣೆದ ಜಡೆ. ಒಬ್ಬೊಬ್ಬರ ಮುಂದೆ ಬಗ್ಗಿ ಸುಸಲ ಕೊಟ್ಟು, ಜಮಖಾನದ ಅಂಚಿಗೆ ತಲೆ ತಗ್ಗಿಸಿ ಕೂತಳು. ಕೂರುವಾಗ ಒಮ್ಮೆ ನನ್ನ ಕಡೆ ನೋಡಿದಳು. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ನೀನೂ ಹೀಗೆ ಮಾಡಿದೆಯಾ ಅತ್ತಿ ಎಂದು ಕೇಳುವಂತಿತ್ತು ಆ ನೋಟ.

"ಕೇಳ್ರಿ," ಎಂದಳು ಜಮಖಾನಕ್ಕೆ ಹೇಳುವಂತೆ. "ಏನ ಕೇಳೂದದ, ಕೇಳ್ರಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಕೆಮ್ಮಿದ. ಸಾಹುಕಾರ್ತಿ ಬಾಯಿ ತುಂಬ ಸುಸಲ ಇಟ್ಟುಕೊಂಡು ಸೂರಿನ ಕಡೆ ಕತ್ತು ಎತ್ತಿ ಕೂತಿದ್ದಳು. ನುಂಗಿ, ಕೇಳಿದಳು:

"ಈ ತೊಲಿ ಯಾವ ಕಟಗೀದವ್ವಾ? ಇಷ್ಟ ದಪ್ಪ ತೊಲಿ ನಾ ಹುಟ್ಟಿಂದ ನೋಡಿಲ್ಲ."

ತಗ್ಗಿದ ತಲೆ ತಗ್ಗಿದ ಹಾಗೇ, "ರೀ?" ಎಂದಿತು.

"ತೊಲಿ, ತೊಲಿ. ಅಕಾ, ಮ್ಯಾಲ."

"ಈ ಮಾಡದಾಗ ದೀಪ ಇಡತಿದ್ರೇನು? ಕಪ್ಪ ಇನ್ನೂ ಅದ ನೋಡು," ಎಂದಳು ಇನ್ನೊಬ್ಬಾಕೆ, ಗೋಡೆಯ ಗೂಡಿನೊಳಗೆ ಕೈ ಹಾಕಿ.

"ಮನಿ ಒಳಗ ಹಗೇವು ಅದ ಅಂತ, ಜ್ವಾಳ ತುಂಬೂದು. ಟೀಚರ್ ಹೇಳ್ಯಾರ. ತೋರಸ್ತೀಯೇನು ತಂಗಿ?" ಎಂದಳು ಮತ್ತೊಬ್ಬಾಕೆ, ಆಗಲೇ ಎದ್ದು ನಿಂತು.

ಅವಳು ನಿಧಾನವಾಗಿ ಮುಖ ಎತ್ತಿದಳು. ಅವಳನ್ನು ಯಾರೂ ನೋಡುತ್ತಿರಲಿಲ್ಲ. ಒಬ್ಬಾಕೆ ತೊಲೆ ನೋಡುತ್ತಿದ್ದಾಳೆ, ಒಬ್ಬಾಕೆ ಕಂಬದ ಕೆತ್ತನೆಯನ್ನು ಸವರುತ್ತಿದ್ದಾಳೆ, ಇನ್ನೊಬ್ಬಾಕೆ ಬೆಳಕಿಂಡಿಯಿಂದ ಇಳಿದ ಬಿಸಿಲಿನ ಫೋಟೊ ತೆಗೆಯುತ್ತಿದ್ದಾಳೆ. ಅವಳೂ ತೊಲೆಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ. ನಾನು ಏನು ಮಾಡಬೇಕೆಂದು ತೋಚದೆ ಛತ್ರಿಯನ್ನು ಎತ್ತಿ ಹಿಡಿದೆ. ಪ್ರಾಗಿನ ಛತ್ರಿಯ ಕಥೆ ರೊಟ್ಟಿ ಉಣ್ಣುವಾಗೆಲ್ಲ ಅವಳಿಗೂ ಹೇಳಿದ್ದೆನಲ್ಲ.

ಅವಳು ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ಮುಚ್ಚಿಕೊಂಡು, ಆಮೇಲೆ ಹೊಟ್ಟೆ ಹಿಡಿದುಕೊಂಡು. ಅಣ್ಣ ಗಾಬರಿಯಾಗಿ ಎದ್ದು ನಿಂತ. ಅವಳು ನಕ್ಕದ್ದನ್ನು ನೋಡಿ ಸಾಹುಕಾರ್ತಿಯೂ ಕಾರಣ ಗೊತ್ತಿಲ್ಲದೆಯೇ ನಕ್ಕಳು. ನಾನು ಹೊಸ್ತಿಲ ಮೇಲೆ ಕುಕ್ಕರಿಸಿಬಿಟ್ಟೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಿಲ್ಲ.

"ತೊಲಿ ಯಾವ ಕಟಗೀದೋ ಗೊತ್ತಿಲ್ರಿ," ಎಂದಳು ಅವಳು, ಕಣ್ಣು ಒರೆಸಿಕೊಂಡು. "ಆದ್ರ ಅದು ಬಂದಿದ್ದು ಹ್ಯಾಂಗ ಅಂತ ನಮ್ಮಜ್ಜ ಹೇಳತಿದ್ದ. ಎತ್ತಿನ ಬಂಡಿ ಮ್ಯಾಲ ತಂದರಂತ. ಓಣಿ ತಿರುವಿನಾಗ ಬಂಡಿ ತಿರುಗವಲ್ಲದು. ಎದುರ ಮನಿಯವರು ತಮ್ಮ ಗ್ವಾಡಿ ಮೂಲಿ ಒಡದು ಜಾಗಾ ಕೊಟ್ರು. ಆಮ್ಯಾಲ ನಮ್ಮವರ ಕಟ್ಟಿಕೊಟ್ರು ಅನ್ರಿ. ಅದಕ್ಕ ಇವತ್ತಿಗೂ ಯುಗಾದಿಗಿ ಮೊದಲನೇ ಹೋಳಿಗಿ ಅವರ ಮನಿಗೇ ಹೋಗ್ತದ."

ಆ ಹೋಳಿಗೆ ಒಯ್ದು ಕೊಟ್ಟು ಬರುತ್ತಿದ್ದವಳು ಸಣ್ಣವಳಿದ್ದಾಗ ನಾನೇ. ಯಾಕೆ ಒಯ್ಯುತ್ತಿದ್ದೆನೆಂದು ಮಾತ್ರ ಅವತ್ತೇ ತಿಳಿದದ್ದು.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಎದ್ದಳು. ಹಗೇವಿನ ಬಾಯಿ ತೆರೆದು, ಸಣ್ಣವಳಿದ್ದಾಗ ಅದರೊಳಗೆ ಇಳಿದು ಬೈಸಿಕೊಂಡ ಕಥೆ ಹೇಳಿದಳು. ಎಲ್ಲರನ್ನೂ ಮಾಳಿಗೆ ಹತ್ತಿಸಿದಳು. ಅಲ್ಲಿಂದ ಕೋಟೆ, ದರ್ಗಾದ ಗುಮ್ಮಟ, ದೂರದ ಕೆರೆಯ ನೀರು, ಒತ್ತೊತ್ತಾಗಿ ಕೂತ ಮಣ್ಣಿನ ಮಾಳಿಗೆಗಳು, ಎಲ್ಲವನ್ನೂ ಕೈ ಚಾಚಿ ತೋರಿಸಿದಳು. ಪಕ್ಕದ ಮಾಳಿಗೆಯ ಹೆಂಗಸಿಗೆ ತಡೆಯಲಾಗಲಿಲ್ಲ.

"ಏನಾತವ್ವಾ? ಒಪ್ಪಿದ್ರಾ?" ಎಂದು ಕೂಗಿ ಕೇಳಿದಳು.

"ತಡಿ ಕಾಕು, ನಾ ಇನ್ನೂ ಒಪ್ಪಿಲ್ಲ!" ಎಂದು ಇವಳು ತಿರುಗಿ ಕೂಗಿದಳು. ಸುತ್ತಲಿನ ಮಾಳಿಗೆಗಳೆಲ್ಲ ನಕ್ಕವು. ಕೆಳಗೆ ಅಂಗಳದಲ್ಲಿ ನಿಂತ ವೈನಿ ತಲೆಯ ಮೇಲೆ ಕೈ ಹೊತ್ತುಕೊಂಡಳು.

ಉಳಿದ ನಡಿಗೆಗೆ ಅವಳೇ ಮುಂದಾದಳು. "ಅತ್ತಿ, ಆ ಛತ್ರಿ ಇಲ್ಲೇ ಇಟ್ಟ ಬಾ. ಈ ಓಣ್ಯಾಗ ಯಾರೂ ಕಳಕೊಳ್ಳಂಗಿಲ್ಲ," ಎಂದಳು. ವೈನಿಯೂ ಚಪ್ಪಲಿ ಮೆಟ್ಟಿ ಹಿಂದೆ ಬಂದಳು. ಮಗಳು ಇನ್ನೇನು ಮಾಡಿ ಇಡುತ್ತಾಳೋ ನೋಡಬೇಕಲ್ಲ.

ಬಾಗಿಲಿನ ಮೇಲೆ ಉರ್ದು ಅಕ್ಷರ ಕೊರೆದ ಒಂದು ಮನೆ ತೋರಿಸಿದಳು. ಸಾಹುಕಾರ್ತಿ ಅಡ್ಡ ತಿರುಗಿ ಉಸಿರು ಹಿಡಿದರೆ ಮಾತ್ರ ದಾಟಬಹುದಾದ ಒಂದು ಸಂದಿ ತೋರಿಸಿದಳು. ಆಕೆ ದಾಟಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕಲ್ಲಿನ ಕಟ್ಟೆಯೊಂದರ ಮೇಲೆ ಹುಲಿಮನೆ ಆಟದ ಗೆರೆ ಕೊರೆದಿದ್ದರು. ಆಡಿ ಆಡಿ ನುಣ್ಣಗಾಗಿತ್ತು. ಹರಳು ಆರಿಸಿ ತಂದು ರೇಷ್ಮೆ ಸೀರೆಯವರು ಅದರ ಸುತ್ತ ಕೂತೇಬಿಟ್ಟರು. ಹುಲಿ ಯಾರದು, ಕುರಿ ಯಾರದು ಎಂದು ಜಗಳವಾಡಿದರು. ಖಾಲಾ ಚಹಾ ಕಳಿಸಿದರು. ದರ್ಜಿಯ ಮನೆಯಿಂದ ಚಹಾ ಬಂತು. ಮೊರದ ಮುದುಕಿ ಎದ್ದುಬಂದು ಬೆಲ್ಲ, ನೀರು ಕೊಟ್ಟಿತು. ಯಾವ ಬಾಗಿಲೂ ನಮ್ಮನ್ನು ಸುಮ್ಮನೆ ಮುಂದೆ ಬಿಡಲಿಲ್ಲ. ಪ್ರತಿ ಬಾಗಿಲಲ್ಲೂ ಒಂದೇ ಕುತೂಹಲ, ಪ್ರತಿ ಬಾಗಿಲಲ್ಲೂ ಅವಳದು ನಗುನಗುತ್ತ ಒಂದೇ ಉತ್ತರ: "ನೋಡಾಕ ಬಂದಿಲ್ರಿ ಇವರು. ನಾನೇ ತೋರಸಾಕತ್ತೇನಿ."

ನಾನು ಹಿಂದೆ ಉಳಿದು ನೋಡುತ್ತ ನಡೆದೆ. ಜಮಖಾನದ ಅಂಚಿನಲ್ಲಿ ಮುದುಡಿ ಕೂರುವ ಹುಡುಗಿಯನ್ನು ಇಷ್ಟು ವರ್ಷ ನೋಡಿದ್ದೆ. ಇವಳನ್ನು ನಾನೂ ನೋಡಿರಲಿಲ್ಲ. ಕೈ ಬೀಸಿ ಮಾತಾಡುತ್ತಾಳೆ, ಹಿಮ್ಮುಖವಾಗಿ ನಡೆಯುತ್ತಾಳೆ, ತಾನೇ ಹೇಳಿದ ಕಥೆಗೆ ಎಲ್ಲರಿಗಿಂತ ಮೊದಲು ತಾನೇ ನಗುತ್ತಾಳೆ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಪಕ್ಕದಲ್ಲಿ ವೈನಿ ಬರುತ್ತಿದ್ದಳು. ಆಕೆಯ ಕಣ್ಣು ಮಗಳನ್ನು ಬಿಟ್ಟು ಕದಲಲಿಲ್ಲ.

ಗಾಡಿ ನಿಂತಲ್ಲಿಗೆ ಬಂದಾಗ ಬಿಸಿಲು ಇಳಿದಿತ್ತು. ಉಳಿದ ಸುಸಲವನ್ನು ವೈನಿ ಡಬ್ಬಿಗೆ ತುಂಬಿ ತಂದಿದ್ದಳು. ಎಲ್ಲರೂ ಹತ್ತಿದ ಮೇಲೆ ಸಾಹುಕಾರ್ತಿ ಮುಂದಿನ ಸೀಟಿನಿಂದ ಕೈ ಚಾಚಿ ಡಬ್ಬಿ ತೆಗೆದುಕೊಂಡಳು. ವೈನಿಯ ಕೈಯನ್ನು ಬಿಡಲಿಲ್ಲ.

"ಖರೇ ಹೇಳ್ತೀನಿ, ಬರೂವಾಗ ಮನಸಿನಾಗ ಏನೂ ಇದ್ದಿದ್ದಿಲ್ಲ," ಎಂದಳು. ಆ ಗಂಟಲಿನಿಂದ ಅಷ್ಟು ಮೆತ್ತಗಿನ ಮಾತು ನಾನು ಕೇಳಿರಲಿಲ್ಲ. "ನಿಮ್ಮ ಮಗಳು ನನ್ನ ಮನಸಿಗಿ ಬಂದಾಳ. ಬರೂ ಐತವಾರ ನಮ್ಮ ಮಗನ್ನ ಕರಕೊಂಡ ಬರ್ತೀವಿ. ನೋಡೂ ಕಾರ್ಯಕ್ರಮ ಇಟ್ಟಕೋರಿ."

ಇಷ್ಟು ವರ್ಷ ವೈನಿ ಯಾವ ದೇವರ ಮುಂದೆ ಕೈ ಮುಗಿದರೂ ಕೇಳಿದ್ದು ಈ ಒಂದು ಮಾತನ್ನೇ. ಒಳ್ಳೆಯ ಮನೆತನ, ಒಳ್ಳೆಯ ಹೆಂಗಸು, ಕೈ ಹಿಡಿದು ತಾನಾಗಿ ಕೇಳುತ್ತಿದ್ದಾಳೆ. ಬೇಡ ಎನ್ನಬೇಕಾದವಳು ನಾನು. ಮಾತು ಕೊಟ್ಟವಳು ನಾನು. ಆದರೆ ನಡುವೆ ಬಾಯಿ ಹಾಕಿ ಕೆಡಿಸಿದರೆ ಗತಿಯೇನು ಎಂದು ವೈನಿಯ ಮುಖವನ್ನೇ ನೋಡುತ್ತ ನಿಂತೆ.

ವೈನಿ ತಿರುಗಿ ಮಗಳ ಕಡೆ ನೋಡಿದಳು. ಅವಳು ಗಾಡಿಯ ಹಿಂದಿನ ಬಾಗಿಲಲ್ಲಿ ನಿಂತು, ಇನ್ನೂ ಯಾವುದೋ ಬಾವಿಯ ಕಥೆಯನ್ನು ಒಳಗಿದ್ದವರಿಗೆ ಎರಡೂ ಕೈಯಲ್ಲಿ ಅಳತೆ ಹಿಡಿದು ಹೇಳುತ್ತಿದ್ದಳು.

"ನೋಡೂ ಕಾರ್ಯಕ್ರಮ ಬ್ಯಾಡ್ರಿ ಅಕ್ಕಾರ," ಎಂದಳು ವೈನಿ. "ನಮ್ಮ ಹುಡುಗಿ ಇನ್ನ ತಾಟ ಹಿಡದ ಕೂಡಂಗಿಲ್ಲ. ನಿಮ್ಮ ಮಗ ಬರಲಿ, ಓಣಿ ನೋಡಲಿ. ಆಕಿ ಮುಂದ ನಡೀತಾಳ, ಅಂವ ಹಿಂದ ಬರಲಿ. ಇಬ್ಬರಿಗೂ ಮನಸಿಗಿ ಬಂದ್ರ, ಆಮ್ಯಾಲ ನಾವು ನೀವು ಕೂತ ಮಾತಾಡೂಣು."

ಸಾಹುಕಾರ್ತಿ ಸೀಟು ಅಲುಗಾಡುವಂತೆ ನಕ್ಕಳು. "ಅಂವ ಅಂಗಡಿ ಗಾದಿ ಬಿಟ್ಟ ಏಳಂಗಿಲ್ರಿ! ನಡಸ್ರಿ, ಚಲೋ ನಡಸ್ರಿ ಅವನ್ನ. ಕಳಸ್ತೀನಿ!"

ನಗು ಕೇಳಿ ಹುಡುಗಿ ಈ ಕಡೆ ಬಂದಳು. "ಏನಾತು ಅವ್ವಾ? ಏನಂದಿ ಅವರಿಗಿ?"

"ಏನಿಲ್ಲ, ಈ ಕಡಿ ಸರಿ. ಗಾಡಿ ಹೊಂಟದ," ಎಂದಳು ವೈನಿ. ಹೇಳುತ್ತ ಹೇಳುತ್ತ ಮಗಳ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಸಡಿಲವಾಗಿದ್ದನ್ನು ನೋಡಿ, ಅದನ್ನು ಬಿಡಿಸಿ ತಲೆಗೆ ಹೊದಿಸಲಿಲ್ಲ. ಬಿಗಿಯಾಗಿ ಮತ್ತೆ ಸೊಂಟಕ್ಕೇ ಸಿಕ್ಕಿಸಿದಳು.